ಸೂರ್ಯನಿಗೆ ಬೆನ್ನು ಮಾಡಿದ ಕುರ್ಚಿಗಳು

ಮಾನ್ಯ ಅಧ್ಯಕ್ಷರೇ, ಇಂದು ನಮ್ಮಿಂದ ಬೀಳ್ಕೊಡುಗೆ ಪಡೆಯುತ್ತಿರುವ ನಮ್ಮ ಚರ್ಚಿನ ಪೂಜ್ಯ ಅಯ್ಯನವರೇ, ನನ್ನ ಪ್ರೀತಿಯ ಸಭಿಕರೇ,

ನಾನು ಇಂಗ್ಲಿಷ್ ಮೀಡಿಯಮ್ಮಿನವಳು. ಈ ಭಾಷಣ ಬರೆದದ್ದು ನಾನು, ತಿದ್ದಿದ್ದು ನನ್ನವರು. ತಪ್ಪು ಕಂಡರೆ ದಯವಿಟ್ಟು ಅವರನ್ನೇ ಕೇಳಿ.

ಆ ವರ್ಷ ಬಂದ ಹೊಸ ಸೊಸೆಯೇ ಈಸ್ಟರ್ ಸೂರ್ಯೋದಯದ ಆರಾಧನೆಗೆ ಗುಡ್ಡದ ಮೇಲೆ ಕುರ್ಚಿ ಹಾಕಬೇಕು ಎಂಬುದು ನಮ್ಮ ಸಭೆಯ ರೂಢಿ. ಈ ಸಲ ಸೊಸೆ ನಾನೊಬ್ಬಳೇ. ಕತ್ತಲಲ್ಲಿ ನನ್ನವರ ಜೊತೆ ಹರಟುತ್ತಾ ಎಂಬತ್ತು ಕುರ್ಚಿ ಹಾಕಿದೆ. ಇಲ್ಲೇ ಹುಟ್ಟಿ ಬೆಳೆದ ಅವರಿಗಾದರೂ ದಿಕ್ಕು ಗೊತ್ತಾಗಬಾರದಿತ್ತೇ? ಮದುವೆಯಾಗಿ ಎರಡೇ ತಿಂಗಳು. ಇಬ್ಬರೂ ದಿಕ್ಕು ನೋಡುವ ಸ್ಥಿತಿಯಲ್ಲಿರಲಿಲ್ಲ.

ನನ್ನ ಚಿಂತೆಯೆಲ್ಲ ಅತ್ತೆಯದಾಗಿತ್ತು. ಹಿರಿಯ ಮಗ, ಅಂದರೆ ನನ್ನ ಭಾವ, ತೀರಿಹೋದ ಮೇಲೆ ಆರು ವರ್ಷ ಅವರು ಈ ಆರಾಧನೆಗೆ ಬಂದಿರಲಿಲ್ಲ. ಹಿಂದಿನ ದಿನ ಕರೆದಾಗ ಹೇಳಿದ್ದರು: "ಸ್ವಾಮಿ ಸಮಾಧಿಯಿಂದ ಎದ್ದು ಬಂದ, ಎದ್ದು ಬಂದ ಅಂತ ಎಲ್ಲರೂ ಹಾಡ್ತೀರಿ. ನನ್ನ ಮಗ ಎದ್ದು ಬಂದನೇನೇ?"

"ಹಾಡೋದು ಬೇಡ ಅತ್ತೆ. ನಾನು ಹಾಕಿದ ಕುರ್ಚೀಲಿ ಸುಮ್ನೆ ಕೂತ್ಕೊಳ್ಳಿ, ಸಾಕು" ಎಂದೆ.

ಬಂದರು. ಕೂತರು. ಬೆಳಕು ಹರಿಯಿತು, ನಮ್ಮೆಲ್ಲರ ಬೆನ್ನ ಹಿಂದೆ.

"ಹೊಸ ಸೊಸೆ ಸೂರ್ಯನ ಮೇಲೇ ಮುನಿಸಿಕೊಂಡಿದ್ದಾಳೆ" ಎಂದು ಯಾರೋ ನಕ್ಕರು. ಜನ ಎದ್ದು ಕುರ್ಚಿ ತಿರುಗಿಸತೊಡಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಮಾತ್ರ ಏಳಲಿಲ್ಲ. ಎದುರಿಗೆ, ಗುಡ್ಡದ ಕೆಳಗೆ, ನಮ್ಮ ಸಭೆಯವರ ಸಮಾಧಿಗಳಿದ್ದವು, ಭಾವನದೂ. ಬಿಸಿಲು ಒಂದೊಂದೇ ಕಲ್ಲನ್ನು ಮುಟ್ಟುತ್ತಾ ಬರುತ್ತಿತ್ತು.

"ಅವನ ಮೇಲೂ ಬಂತು ನೋಡೇ" ಎಂದರು.

ಆಗ ಅಯ್ಯನವರೇ, ನೀವು ಕೈಯೆತ್ತಿ "ಕುರ್ಚಿ ಹಾಗೇ ಇರಲಿ" ಎಂದಿರಿ. ಸುತ್ತು ಬಳಸಿ ನಮ್ಮೆದುರು ಬಂದು ನಿಂತಿರಿ. ಕಣ್ಣಿಗೆ ಬಿಸಿಲು ಹೊಡೆದು ಬರೆದು ತಂದ ಪ್ರಸಂಗವನ್ನು ಓದಲಾಗದೆ ಹಾಳೆ ಮಡಚಿದಿರಿ. "ಆ ಬೆಳಗ್ಗೆ ಸ್ವಾಮಿಯ ಸಮಾಧಿಗೆ ಮೊದಲು ಬಂದ ಹೆಂಗಸರೂ ಅಳುತ್ತಲೇ ಬಂದಿದ್ದರು" ಎಂದಷ್ಟೇ ಹೇಳಿ ಕುಳಿತಿರಿ. ನಿಮ್ಮ ಪ್ರಸಂಗಗಳಲ್ಲೆಲ್ಲ ಅದೇ ಚಿಕ್ಕದು ಎಂದು ಹಿರಿಯರು ಹೇಳುತ್ತಾರೆ. ನನಗೆ ಅದೇ ದೊಡ್ಡದು.

ಆಮೇಲೆ ಹಾಡು. ನನಗೆ ಕನ್ನಡ ಬೇಗ ಓದಲು ಬರುವುದಿಲ್ಲ. ತಡವರಿಸಿದೆ. ಅತ್ತೆ ಹಾಡಿನ ಪುಸ್ತಕದ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಪದ ಹೇಳಿಕೊಟ್ಟರು. ಮೂರನೇ ಚರಣದ ಹೊತ್ತಿಗೆ ಅದು ಹಾಡಾಗಿತ್ತು.

ಹೋಗುವ ಊರಲ್ಲೂ ಸೊಸೆಯಂದಿರು ಕುರ್ಚಿ ತಪ್ಪಾಗಿ ಹಾಕಿದರೆ, ಅಯ್ಯನವರೇ, ತಿರುಗಿಸುವ ಮುನ್ನ ಒಂದು ಗಳಿಗೆ ಕಾಯಿರಿ. ಮುಂದಿನ ವರ್ಷ ಕುರ್ಚಿ ಯಾವ ಕಡೆಗೆ ಎಂದು ಅತ್ತೆ ಈಗಲೇ ಕೇಳುತ್ತಿದ್ದಾರೆ. ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.