ಒಂದು ಗೇಣು ಹೊಲಿಗೆ

...ಅಲ್ಲ ಕಣೇ, ಬಿಟ್ಟು ಬಿಟ್ಟು ಅಂತ ಎಷ್ಟು ಸಲ ಹೇಳಲಿ. ಬಿಟ್ಟು ಬಿಟ್ಟು ಹೊಡೀತಿತ್ತು ಗಂಟೆ. ನಿನ್ನಮ್ಮನ ಮಂಚಕ್ಕೆ ಆ ಗಂಟೆ ಸ್ವಿಚ್ಚು ಹಾಕಿಸಿದವಳು ನೀನೇ, ಕಟ್ಟುಪಾಡು ಮಾಡಿದವಳೂ ನೀನೇ. "ಚಿಕ್ಕಮ್ಮಾ, ಅಮ್ಮ ಬಿಟ್ಟು ಬಿಟ್ಟು ಒತ್ತಿದರೆ ನೀರೋ ದಿಂಬೋ, ನಿಧಾನಕ್ಕೆ ಹೋಗು. ಬಿಡದೆ ಒತ್ತಿದರೆ ಕೈಯಲ್ಲಿದ್ದದ್ದು ಬಿಸಾಕಿ ಓಡು." ಮರೆತಿಲ್ಲ ನಾನು. ಎಪ್ಪತ್ತೊಂದಾದರೂ ಕಿವಿ ನೆಟ್ಟಗಿದೆ.

ಯಾಕೆ ಹಾಗೆ ನೋಡ್ತೀಯಾ? ನಿನ್ನೆ ಮಧ್ಯಾಹ್ನ ನಾನೇನು ಕಾಲು ಚಾಚಿ ಮಲಗಿರಲಿಲ್ಲ. ಇದೇ ಮಿಷನ್ ಮುಂದೆ ಕೂತು ಅಕ್ಕನಿಗೇ ನಿಲುವಂಗಿ ಹೊಲೀತಿದ್ದೆ. ಕೈ ಎತ್ತೋಕಾಗಲ್ಲ, ಮುಂದೆ ತೆರೆಯೋ ಹಾಗೆ ಹೊಲಿದುಕೊಡು ಅಂತ ಎಂಟು ದಿನದಿಂದ ಪ್ರಾಣ ತಿಂದಿದ್ದಳು... ತಪ್ಪು, ತಪ್ಪು. ಹೋದವಳನ್ನ ಹಾಗನ್ನಬಾರದು.

ತುಳಿದರೆ ಗಡಗಡ, ನಿಲ್ಲಿಸಿದರೆ ಗಂಟೆ. ಮತ್ತೆ ಗಡಗಡ, ಮತ್ತೆ ಗಂಟೆ. ಬಿಟ್ಟು ಬಿಟ್ಟೇ ಅಲ್ವಾ?

ನಂಬಿಕೆ ಇಲ್ವಾ? ಹೋಗು, ಒಳಗೆ ಹೋಗಿ ನೀನೇ ಒತ್ತು. ನಾನು ತುಳೀತೀನಿ...

ಸಾಕು, ಬಾ. ಹೀಗೇ ಕೇಳಿಸ್ತಿತ್ತು, ಥೇಟ್ ಹೀಗೇ. ನೀನೂ ಬಿಟ್ಟು ಬಿಟ್ಟು ತಾನೆ ಒತ್ತಿದ್ದು?... ಯಾಕೆ ತಲೆ ಅಲ್ಲಾಡಿಸ್ತೀಯಾ? ಬೆರಳು ಎತ್ತಲೇ ಇಲ್ವಾ?

ಅಯ್ಯೋ... ಹಾಗಾದರೆ ಬಿಟ್ಟು ಬಿಟ್ಟು ಇದ್ದದ್ದು ನನ್ನ ಮಿಷನ್ನು. ಅವಳು ಬಿಡದೇ ಒತ್ತಿದ್ದಾಳೆ. ಗೊತ್ತಾಗಲಿಲ್ಲ ಮಗಳೇ, ನಿನ್ನಾಣೆ ಗೊತ್ತಾಗಲಿಲ್ಲ. ಈ ಹಾಳು ಮಿಷನ್ ಸದ್ದು ಮುಚ್ಚಿಹಾಕಿಬಿಡ್ತು. ನಡುವೆ ಒಂದು ಗಳಿಗೆ ಪೂರಾ ನಿಲ್ಲಿಸಿದ್ದಿದ್ದರೆ ತಿಳಿದುಹೋಗ್ತಿತ್ತು...

ಆ ನಿಲುವಂಗಿ ಯಾಕೆ ಎತ್ಕೊಂಡೆ? ಅಂಚು ಯಾಕೆ ಮಗುಚಿ ನೋಡ್ತೀಯಾ? ಬಿಡು, ಒಳಗಿನ ಹೊಲಿಗೆ ಯಾರ ಕಣ್ಣಿಗೆ ಬೀಳುತ್ತೆ. ಕೊಡು ಇಲ್ಲಿ... ಅಲ್ಲಿ ಯಾಕೆ ಬೆರಳಿಟ್ಟೆ?

ಹೂಂ. ಕೊನೇ ಒಂದು ಗೇಣು ನೀಲಿ ದಾರ. ಬಿಳೀದು ಮುಗಿದಿತ್ತು. ಮಿಷನ್ ನಿಲ್ಲಿಸಿ, ಕೆಳಗಿನ ದಾರದ ಬಾಬಿನ್ ತೆಗೆದು, ಡಬ್ಬಿಯಲ್ಲಿ ಇನ್ನೊಂದು ಹುಡುಕಿ, ಕೂರಿಸಿ, ದಾರ ಮೇಲಕ್ಕೆ ಎಳೆದು... ಈ ಕೈಗೆ ಅದೇನು ಸಣ್ಣ ಹೊತ್ತಾ? ಅಷ್ಟು ಹೊತ್ತೂ ಗಂಟೆ ಉಸಿರು ತಗೊಳ್ಳಲಿಲ್ಲ. ಒಂದೇ ಸಮ. ಕೇಳಿಸ್ತು ಕಣೇ. ಕೇಳಿಸ್ತು.

ಮೊನ್ನೆಯೂ ಹಾಗೇ ಒತ್ತಿದ್ದಳು. ಎದ್ದೆನೋ ಬಿದ್ದೆನೋ ಅಂತ ಓಡಿದರೆ, ಒಂದು ನೊಣ. ಓಡಿಸು ಅಂದಳು. ಇದೂ ನೊಣವೇ ಇರಬೇಕು, ಒಂದು ಗೇಣು ತಾನೆ, ಮುಗಿಸಿಯೇ ಏಳೋಣ ಅಂತ ತುಳಿದೆ.

ತುಳಿಯೋದು ನಿಲ್ಲಿಸಿದಾಗ ಗಂಟೆಯೂ ನಿಂತಿತ್ತು. ನಾನು... ಸದ್ಯ, ಸುಮ್ಮನಾದಳಲ್ಲ ಅಂದುಕೊಂಡು, ಹಲ್ಲಿನಲ್ಲಿ ದಾರ ಕಡಿದೆ.