ಕಾವಿಗಿಟ್ಟ ಫಾರಂ ತತ್ತಿ

…ಅಲ್ಲ ಬಸ್ಸಮ್ಮ, ಆ ಬುಟ್ಟಿ ಬಿಟ್ಟು ಏಳು ಇನ್ನ! ಇಪ್ಪತ್ತೊಂದು ದಿನಕ್ಕ ಮರಿ ಆಗಬೇಕಿತ್ತು, ಇವತ್ತಿಗೆ ಇಪ್ಪತ್ತೇಳು ಆತು. ಇನ್ನೇನು ಆಗ್ತಾವ? ಆ ಕೋಳಿನರೆ ಎಬ್ಬಿಸು. ಕುಂತು ಕುಂತು ಸೊರಗೇದ ಪಾಪ.

ನಮ್ಮವ್ವ ಅಂದಿದ್ದು ನನಗೂ ಕೇಳಿಸ್ತು. ಓಣಿಗೆಲ್ಲಾ ಕೇಳಿಸ್ತು. "ಬಂಜಿ ಕೈಲೆ ಇಟ್ಟ ತತ್ತಿ ಮರಿ ಆಗ್ತಾವೇನು?" ಅಂದ್ಲು. ಮುದುಕಿ ಬಾಯಿ ಅದು… ಬಿಡು. ನನ್ನ ಬಿಳಿ ಅಂಗಿ ಎಲ್ಲದ? ಒಂಬತ್ತಕ್ಕ ಮಾನ್ವಿ ಬಸ್ಸು. ಅವ್ವ ಆಗಲೇ ಚೀಲ ಹಿಡಕೊಂಡು ಕಟ್ಟಿ ಮ್ಯಾಲ ಕುಂತಾಳ. ಹೆಣ್ಣು ನೋಡಾಕ ಅಂದ್ರ ನೋಡಾಕ ಅಷ್ಟ! ನೋಡಿದ ಕೂಡ್ಲೆ ಎರಡನೇ ಲಗ್ನ ಆಗಿಬಿಡ್ತದೇನು?

ಯಾಕ ನಗ್ತಿ? ನಗಬ್ಯಾಡ, ನನಗ ಒಂಥರಾ ಆಗ್ತದ.

ಕೇಳಿಲ್ಲಿ. ತಪ್ಪು ಕೋಳಿದಲ್ಲ. ನಿನ್ನ ಕೈದೂ ಅಲ್ಲ. ತತ್ತಿದು! ರಾಯಚೂರಾಗ ನಾ ಕೆಲಸ ಮಾಡೋ ಫಾರಂದು ಅವು. ತಿನ್ನಾಕ ಅಂತ ತಂದ್ರ ನೀ ಒಯ್ದು ಕಾವಿಗಿಟ್ಟಿ! ಅಲ್ಲಿ ಇರೋವೆಲ್ಲಾ ಬಿಳಿ ಹೆಣ್ಣು ಕೋಳಿ. ಮದ್ದಿಗೆ ಬೇಕಂದ್ರೂ ಒಂದು ಹುಂಜ ಸಿಗಂಗಿಲ್ಲ.

ಹುಂಜ ಇಲ್ಲದ ಹೆಂಗ ತತ್ತಿ ಇಡ್ತಾವ ಅಂತೀಯೇನು? ಇಡ್ತಾವ! ಫಾರಂ ನೋಡಾಕ ಬಂದವರೆಲ್ಲಾ ಇದನ್ನ ಕೇಳ್ತಾರ. ನಿಮಗ ತಿಂಗಳಿಗೊಮ್ಮೆ ಆಗೋದು ಗಂಡ ಇದ್ರೂ ಆಗ್ತದ, ಇಲ್ಲದಿದ್ರೂ ಆಗ್ತದ, ಹೌದಿಲ್ಲೋ? ಹಂಗ ಅದು. ಮ್ಯಾಲೆ ನೋಡಿದ್ರ ತತ್ತಿ ಗುಂಡಗ, ಬೆಳ್ಳಗ, ಚಂದ ಇರ್ತದ. ಒಳಗ ಜೀವ ಇರಂಗಿಲ್ಲ. ಈ ಜವಾರಿ ಕೋಳಿಗೆ ಅದೆಲ್ಲಿ ತಿಳೀಬೇಕು? ಯಾರ ತತ್ತಿ ಇಟ್ರೂ ಕುಂದ್ರತದ. ದಿನಕ್ಕೊಮ್ಮೆ ಎದ್ದು ನಾಕು ಕಾಳು ತಿಂದು ಮತ್ತ ಓಡಿ ಬರ್ತದ. ನಿನ್ನಂಗ… ನೀನೂ ಸೋಮವಾರ ಸೋಮವಾರ ಉಪಾಸ, ಗೂಗಲ್ಲು ಊರಿನ ಗುಡಿಗೆ ಬರಿಗಾಲಲೆ…

ಅಂಗಿ ಎಲ್ಲದ ಅಂತ ಕೇಳಿದ್ನೆಲ್ಲಾ!

ಕೋಳಿಗೆ ಹಲ್ಲಿಲ್ಲ, ಗೊತ್ತೇನು ನಿನಗ? ಸಣ್ಣ ಸಣ್ಣ ಕಲ್ಲಿನ ಹಳ್ಳು ನುಂಗ್ತದ. ಆ ಹಳ್ಳು ಹೊಟ್ಟ್ಯಾಗ ಕುಂತು ಕಾಳು ಅರೀತಾವ. ಮನಿಷ್ಯಾಗ ಬಾಯಿ ತುಂಬ ಹಲ್ಲು, ಆದ್ರೂ ಒಂದು ಹಳ್ಳು ನುಂಗಿದ್ರ ಮುಗೀತು. ಮೂರು ವರ್ಷ ಆದ್ರೂ ಕರಗಂಗಿಲ್ಲ…

ಮೂರು ವರ್ಷ ಅಂದ್ನೇನು? ಮಾತಿಗೆ ಅಂದೆ ಬಿಡು.

ಹಂಗ್ಯಾಕ ನೋಡಾಕತ್ತಿ? ಹುಂಜ ಇಲ್ಲದ ತತ್ತಿ ಮರಿ ಆಗಂಗಿಲ್ಲ ಅಂದೆ. ಕೋಳಿ ಮಾತು ಅದು, ಬಸ್ಸಮ್ಮ! ಈ ಮನ್ಯಾಗ ಏನು, ನಾ ಇಲ್ಲೇನು? ನಾ… ಅದೀನಲ್ಲ…

ಯಾಕ ತತ್ತಿ ಒಡದಿ? ಬ್ಯಾಡ, ನನ್ನ ಮುಂದ ಹಿಡೀಬ್ಯಾಡ. ಗೊತ್ತದ ನನಗ, ಬರೇ ನೀರು ಅದ. ಬೈಯರೆ ಬೈ.

…ಎಮರ್ಜೆನ್ಸಿ ವರ್ಷ ನಾ ಎಂಟು ದಿನ ಮನಿಗೆ ಬರಲಿಲ್ಲ ನೋಡು. ಬಸ್ಸಿನ ಮ್ಯಾಲಿಂದ ಬಿದ್ದೆ ಅಂದಿದ್ದೆ. ನೀ ಬಿಸಿನೀರು ಕಾಸಿ ಕೊಟ್ಟಿ… ನಾ ಬಿದ್ದಿರಲಿಲ್ಲ. ಮಕ್ಕಳಾಗದಂಗ ಆಪರೇಷನ್ ಮಾಡಿಸಿಕೊಂಡು ಚೀಟಿ ತಂದವನಿಗೆ ನೌಕರಿ ಪಕ್ಕಾ ಅಂದ ಫಾರಂ ಸಾಹೇಬ. ದವಾಖಾನ್ಯಾಗ ಮಕ್ಕಳಿದ್ದವರಿಗಷ್ಟ ಮಾಡ್ತೀವಿ ಅಂದ್ರು. ಇಬ್ಬರದಾರ ಅಂತ ಸುಳ್ಳು ಬರಸಿದೆ. ಆಮ್ಯಾಲ ಹೊಳ್ಳಿ ಜೋಡಸ್ತಾರ ಅಂತ ಯಾರೋ ಅಂದ್ರು, ನಂಬಿದೆ. ಜೋಡಸಾಕ ಆಗಲಿಲ್ಲ. ನಿನಗ ಹೇಳಾಕ ಬಾಯಿ ಬರಲಿಲ್ಲ. ಬಂಜಿ ಅಂತ ನಿನ್ನ ಅಂದಾಗೆಲ್ಲಾ ಕೇಳಿಕೊಂತ ಉಂಡೆ. ಮಕ್ಕಳ ಹೆಸರೇನು ಅಂತ ಕೇಳಿದ್ರು, ಬಸ್ಸಮ್ಮ. ಇಲ್ಲದ ಮಕ್ಕಳಿಗೆ ಏನಂತ ಹೇಳಲಿ? ಗಂಡಾದ್ರ ನಿಮ್ಮಪ್ಪನ ಹೆಸರು ಇಡೂಣು ಅಂದಿದ್ದಿಯಲ್ಲ ನೀ… ಒಬ್ಬನಿಗೆ ಪಕೀರಪ್ಪ ಅಂತ ಬರಸಿಬಿಟ್ಟೆ.

ಹಾಂ, ಯವ್ವಾ! ಕೇಳಿಸ್ತು. ಬಸ್ಸು ಹೋದ್ರ ಹೋಗ್ಲಿ. ಚೀಲ ಕೆಳಗಿಟ್ಟು ಒಳಗ ಬಾ. ಇಲ್ಲಿ, ಇಕಿ ಮುಂದ ಕುಂದರು. ನಿನಗೊಂದು ಮಾತು ಹೇಳೋದದ.