ಎರಡು ತೊಳೆ ಹಲಸು

ತುಮಕೂರಿನಲ್ಲಿ ಗುಬ್ಬಿ ಬಸ್ಸು ಹತ್ತಿದ್ದೆ. ಅರವತ್ತು ದಾಟಿದ ಗಂಡ ಹೆಂಡತಿ ಬಂದು ನನ್ನ ಮುಂದಿನ ಸೀಟಿನಲ್ಲಿ ಕೂತರು. ಗಂಡನ ಕೈಯಲ್ಲಿ ಶುಗರ್ ಟೆಸ್ಟಿನ ರಿಪೋರ್ಟಿತ್ತು. ಕದ್ದು ಕೇಳುವ ಅಗತ್ಯವೇ ಇರಲಿಲ್ಲ, ಇಬ್ಬರದೂ ಹೊಲದಲ್ಲಿ ಮಾತಾಡಿ ರೂಢಿಯಾದ ಗಂಟಲು.

“ಡಾಕ್ಟ್ರು ದಿನಕ್ಕೆರಡು ತೊಳೆ ಹಲಸಿನಹಣ್ಣು ತಿನ್ಬೋದು ಅಂದ್ರಲ್ಲ,” ಎಂದರು ಗಂಡ.

“ಪೂರ್ತಿ ಹೇಳಿ. ತಿಂದ್ ದಿನ ಮುದ್ದೆ ಅರ್ಧ ಮಾಡ್ಬೇಕು ಅಂದ್ರು.”

“ಮಾಡಿದ್ರಾಯ್ತು ಬುಡು.”

“ನೀವಾ? ಮುದ್ದೆ ಒಂಚೂರು ಸಣ್ಣದಾದ್ರೆ ಎರಡು ದಿನ ಮುಖ ಊದಿಸ್ಕೊಂಡಿರ್ತೀರ.”

“ಈ ಸಲಾನೂ ನೀನು ಹಿತ್ಲು ಮರದ ಹಣ್ಣೆಲ್ಲ ಕುಣಿಗಲ್‌ಗೆ, ನಿನ್ ತಂಗಿ ಮನೆಗೆ ಕಳಿಸ್ಬುಟ್ಟೆ.”

“ಮನೇಲಿದ್ರೆ ಗಮಗುಡುತ್ತೆ. ನಿಮ್ಗೆ ಆಸೆ ಆಗುತ್ತೆ.”

“ಶುಗರ್ ಬಂದಿರೋದು ನಂಗೆ. ನೀನು ಯಾಕೆ ಮೂರು ವರ್ಷದಿಂದ ಒಂದು ತೊಳೇನೂ ಮುಟ್ಟಿಲ್ಲ?”

“ನಂಗೇನು ಅಂಥ ಆಸೆ ಇಲ್ಲ ಬುಡಿ.”

“ಮದ್ವೆ ಆದ್ ಹೊಸದ್ರಲ್ಲಿ ಅರ್ಧ ಹಣ್ಣು ಒಬ್ಳೇ ಮುಗಿಸಿದ್ದೆ. ನಮ್ಮವ್ವ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ಲು.”

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ಅದಿನ್ನೂ ನೆನಪೈತಾ?”

“ಇಲ್ದಿದ್ರೆ ಇವತ್ತು ಡಾಕ್ಟ್ರನ್ನ ಯಾಕೆ ಕೇಳ್ತಿದ್ದೆ? ನಾನು ಎರಡು ತೊಳೆ ತಿಂದ್ರೆ ತಾನೇ ನೀನು ತಿನ್ನೋದು.”

ಹೆಂಡತಿ ಗುಬ್ಬಿ ಬರುವ ತನಕ ಕಿಟಕಿಯಾಚೆಯ ತೆಂಗಿನ ತೋಟಗಳನ್ನೇ ನೋಡುತ್ತಿದ್ದರು. ಸ್ಟ್ಯಾಂಡಿನ ಪಕ್ಕದಲ್ಲೇ ಹಲಸಿನ ತಳ್ಳುಗಾಡಿ ನಿಂತಿತ್ತು. ಗಂಡ ಮುಂದೆ ಇಳಿದು ಅತ್ತ ಹೆಜ್ಜೆ ಹಾಕಿದರು.

ಹಿಂದೆಯೇ ಇಳಿಯುತ್ತಾ ಹೆಂಡತಿ ಹೇಳಿದರು, “ಹಂಗಾದ್ರೆ ಇವತ್ತು ನಂಗೂ ಅರ್ಧ ಮುದ್ದೆನೇ.”